ಹಳೆ ಎಡಿಷನ್, ಹೊಸ ಎಡಿಷನ್: ಕಾಸರಗೋಡಿನ ಡಿ ಆಂಡ್ ಡಿ ಆಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡುವವರು ಬೆರಳೆಣಿಕೆಯಷ್ಟು. ಅಷ್ಟರಲ್ಲೂ ಎರಡು ಪಂಗಡ. ಒಂದು ಪಂಗಡಕ್ಕೆ ಎಂಬತ್ತರ ದಶಕದ ರೂಲ್ಸೇ ರೂಲ್ಸು. ಇನ್ನೊಂದಕ್ಕೆ 2014ಕ್ಕಿಂತ ಹಿಂದಿನದೆಲ್ಲ ಗುಜರಿ. ಹೊಸದಾಗಿ ಮೇಜಿಗೆ ಬಂದವರು ಇವರ ನಡುವೆ ಸಿಕ್ಕಿಕೊಂಡು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ಎರಡನ್ನೂ ಆಡಿಸುತ್ತೇನೆ. ಹಾಗಂತ ಪಕ್ಷಪಾತ ಇಲ್ಲ ಅಂತ ಹೇಳುವುದಿಲ್ಲ. ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ.

ಇದು ಎಂಥ ಆಟ? ಎಡಿಷನ್ ಅಂದರೆ ಏನು?

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ತಾಳಮದ್ದಳೆ ನೋಡಿದ್ದೀರಲ್ಲ? ವೇಷ ಇಲ್ಲ, ಕುಣಿತ ಇಲ್ಲ. ನಾಲ್ಕೈದು ಜನ ಅರ್ಥಧಾರಿಗಳು ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಅಲ್ಲೇ ಹುಟ್ಟಿದ ಮಾತಿನಲ್ಲಿ ವಾದ ಮಾಡುತ್ತಾರೆ. ಡಿ ಆಂಡ್ ಡಿಯಲ್ಲೂ ಅಷ್ಟೇ. ಒಬ್ಬೊಬ್ಬರಿಗೆ ಒಂದು ಪಾತ್ರ. ಭಾಗವತರ ಜಾಗದಲ್ಲಿ ಕೂತು ಕತೆ ನಡೆಸುವವರು ಡಂಜನ್ ಮಾಸ್ಟರ್, ಅಂದರೆ ಡಿಎಂ. ವ್ಯತ್ಯಾಸ ಇಷ್ಟೇ: ಪ್ರಸಂಗದಲ್ಲಿ ಕರ್ಣ ಸಾಯುತ್ತಾನೆ ಅಂತ ಎಲ್ಲರಿಗೂ ಮೊದಲೇ ಗೊತ್ತು. ಇಲ್ಲಿ ಯಾರು ಉಳಿಯುತ್ತಾರೆ ಅಂತ ಡಿಎಂಗೂ ಗೊತ್ತಿಲ್ಲ. ದಾಳ ಹೇಳಬೇಕು.

ದಾಳ ಯಾವಾಗ ಹಾಕಬೇಕು, ಎಷ್ಟು ಬಿದ್ದರೆ ಏಟು ತಾಗುತ್ತದೆ, ಮಂತ್ರವಾದಿ ದಿನಕ್ಕೆ ಎಷ್ಟು ಮಂತ್ರ ಹಾಕಬಹುದು, ಇದೆಲ್ಲ ರೂಲ್ ಪುಸ್ತಕದಲ್ಲಿದೆ. ಕೆಲವು ವರ್ಷಕ್ಕೊಮ್ಮೆ ಕಂಪನಿ ಆ ಪುಸ್ತಕವನ್ನು ಮತ್ತೆ ಬರೆಯುತ್ತದೆ. ಅದೇ ಎಡಿಷನ್. ಹೊರಗೆ ಹೆಸರು ಅದೇ, ಒಳಗೆ ಆಟ ಬೇರೆ.

ಒಟ್ಟು ಎಷ್ಟು ಎಡಿಷನ್ ಬಂದಿವೆ?

ಲೆಕ್ಕ ಹಾಕುವುದರಲ್ಲೇ ಜಗಳ ಆಗುತ್ತದೆ, ಆದ್ದರಿಂದ ನಿಧಾನಕ್ಕೆ ಹೇಳುತ್ತೇನೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ಸೇರಿ 1974ರಲ್ಲಿ ಮೊದಲ ಡಿ ಆಂಡ್ ಡಿ ತಂದರು. ಒಂದು ಪೆಟ್ಟಿಗೆ, ಅದರೊಳಗೆ ಮೂರು ಸಣ್ಣ ಪುಸ್ತಕ. ಗೊಂಬೆ ಸೈನ್ಯ ಇಟ್ಟು ಆಡುವ ಯುದ್ಧದಾಟದ ರೂಲ್ಸಿನಿಂದ ಅದು ಬೆಳೆದದ್ದು. ಮೊದಲ ಮುದ್ರಣ ಸಾವಿರ ಪ್ರತಿ. ಪ್ರಕಟಿಸಿದ ಕಂಪನಿಯ ಹೆಸರು ಟಿಎಸ್‌ಆರ್.

1977ರಿಂದ ದಾರಿ ಕವಲೊಡೆಯಿತು. ಒಂದು ಕಡೆ ಸರಳವಾದ ‘ಬೇಸಿಕ್’ ಪೆಟ್ಟಿಗೆ, ಇನ್ನೊಂದು ಕಡೆ ದಪ್ಪ ಪುಸ್ತಕಗಳ ‘ಅಡ್ವಾನ್ಸ್ಡ್’. ಎರಡೂ ಒಟ್ಟೊಟ್ಟಿಗೆ ಅಂಗಡಿಯಲ್ಲಿದ್ದವು. ಅಡ್ವಾನ್ಸ್ಡ್ ಬೇರೆಯೇ ಆಟ ಎಂಬ ನಿಲುವಿನ ಹಿಂದೆ ರಾಯಲ್ಟಿಯ ತಕರಾರೂ ಇತ್ತು. ಆರ್ನೆಸನ್ 1979ರಲ್ಲಿ ಕೋರ್ಟಿಗೆ ಹೋದರು, 1981ರಲ್ಲಿ ರಾಜಿ ಆಯಿತು. ಅಡ್ವಾನ್ಸ್ಡ್‌ನ ಎರಡನೇ ಎಡಿಷನ್ ಬಂದದ್ದು 1989ರಲ್ಲಿ. 1997ರಲ್ಲಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಟಿಎಸ್‌ಆರ್ ಅನ್ನು ಕೊಂಡಿತು. 1999ರಲ್ಲಿ ಹ್ಯಾಸ್‌ಬ್ರೋ ವಿಜರ್ಡ್ಸ್ ಅನ್ನೇ ಕೊಂಡಿತು. ಮೂರನೇ ಎಡಿಷನ್ 2000ದಲ್ಲಿ, ಅದರ ತಿದ್ದುಪಡಿ ‘ಮೂರೂವರೆ’ 2003ರಲ್ಲಿ, ನಾಲ್ಕನೆಯದು 2008ರಲ್ಲಿ, ಐದನೆಯದು 2014ರಲ್ಲಿ. 2024ರದು ಹೊಸ ಎಡಿಷನ್ನಾ ಅಲ್ವಾ ಎಂಬ ಬಗ್ಗೆ ಮುಂದೆ ಬರುತ್ತೇನೆ.

‘ಹಳೆ ಡಿ ಆಂಡ್ ಡಿ’ ಎಂಬ ಒಂದೇ ಒಂದು ಆಟ ಯಾವತ್ತೂ ಇರಲಿಲ್ಲ ಎಂಬುದನ್ನು ಮಾತ್ರ ನೆನಪಿಡಿ. ಹಳಬರಿಬ್ಬರು ಒಟ್ಟು ಕೂತು ಹೊಸದನ್ನು ಬೈಯುತ್ತಿದ್ದರೆ, ಅವರಲ್ಲಿ ಒಬ್ಬರು ಬೇಸಿಕ್, ಇನ್ನೊಬ್ಬರು ಅಡ್ವಾನ್ಸ್ಡ್ ಆಗಿರುವ ಸಾಧ್ಯತೆ ಜಾಸ್ತಿ. ಸ್ವಲ್ಪ ಹೊತ್ತು ಬಿಟ್ಟರೆ ಅವರವರೇ ಶುರು ಮಾಡುತ್ತಾರೆ.

ಹಳೆ ಪುಸ್ತಕವನ್ನು ಯಾರೂ ಕಸಿದುಕೊಂಡಿಲ್ಲವಲ್ಲ. ಬೇಕಾದವರು ಅದನ್ನೇ ಆಡಲಿ. ಜಗಳ ಯಾಕೆ?

ಪುಸ್ತಕ ಕಪಾಟಿನಲ್ಲಿ ಇರುತ್ತದೆ, ಸರಿ. ಆಟಗಾರರು ಇರಬೇಕಲ್ಲ?

ಈ ಆಟ ಒಬ್ಬರೇ ಆಡುವಂಥದ್ದಲ್ಲ. ಹೊಸ ಎಡಿಷನ್ ಬಂದಾಗ ಅಂಗಡಿಯಲ್ಲಿ ಹಳೆಯದು ಸಿಗುವುದು ನಿಲ್ಲುತ್ತದೆ. ಹೊಸಬರು ಹೊಸದನ್ನೇ ಕಲಿಯುತ್ತಾರೆ. ನಾಲ್ಕು ವರ್ಷ ಕಳೆಯುವಾಗ ಹಳೆಯದನ್ನು ಬಲ್ಲವರು ಹೊಸ ಜೊತೆಗಾರರನ್ನು ಹುಡುಕಬೇಕಾಗುತ್ತದೆ. ‘ನಿನ್ನ ಎಡಿಷನ್ ಸರಿ ಇಲ್ಲ’ ಅನ್ನುವ ಮಾತಿನ ಅಡಿಯಲ್ಲಿ ‘ನನ್ನ ಜೊತೆ ಆಡಲು ಯಾರಿದ್ದಾರೆ?’ ಎಂಬ ಹೆದರಿಕೆ ಇದೆ. ನನಗೆ ಕಂಡ ಮಟ್ಟಿಗೆ ಈ ಜಗಳದ ಮುಕ್ಕಾಲು ಪಾಲು ಇದೇ.

ದೊಡ್ಡ ಊರಿನಲ್ಲಿ ಇದು ಅಷ್ಟು ಕಾಡುವುದಿಲ್ಲ. ಬೆಂಗಳೂರಿನಲ್ಲಿ ಒಂದು ಗುಂಪಿನ ಜೊತೆ ಆಗದಿದ್ದರೆ ಇನ್ನೊಂದು ಗುಂಪು ಸಿಗುತ್ತದೆ. ಪೆರ್ಲದಲ್ಲೋ ಮುಳ್ಳೇರಿಯದಲ್ಲೋ ಐದು ಜನ ಒಟ್ಟಾಗುವುದೇ ಕಷ್ಟ. ಅದರಲ್ಲಿ ಇಬ್ಬರು ಮುನಿಸಿಕೊಂಡು ಎದ್ದು ಹೋದರೆ ಆಟವೇ ನಿಂತಿತು.

ಇನ್ನು ಕಾಲು ಪಾಲು ದುಡ್ಡಿನ ಸಂಕಟ. ಮೂರನೇ ಎಡಿಷನ್ನಿನ ಪುಸ್ತಕ ಕೊಂಡವರಿಗೆ ಮೂರೇ ವರ್ಷದಲ್ಲಿ ಮೂರೂವರೆ ಬಂತು. ಅದನ್ನು ಕೊಂಡವರಿಗೆ ಐದು ವರ್ಷದಲ್ಲಿ ನಾಲ್ಕು ಬಂತು. ಹೊರದೇಶದಿಂದ ತರಿಸಿದ ಪುಸ್ತಕ, ಮೇಲೆ ಅಂಚೆ ಖರ್ಚು. ಸಿಟ್ಟು ಬರುವುದರಲ್ಲಿ ತಪ್ಪೇನಿದೆ?

ಅತಿ ದೊಡ್ಡ ಜಗಳ ಯಾವುದು?

2008ರದು. ನಾಲ್ಕನೇ ಎಡಿಷನ್.

ಅದರ ಹಿಂದಿನ ಎಡಿಷನ್ನುಗಳಲ್ಲಿ ಮಂತ್ರವಾದಿಯ ರೂಲ್ಸ್ ಬೇರೆ, ಕತ್ತಿ ಹಿಡಿದವನ ರೂಲ್ಸ್ ಬೇರೆ. ಲೆವೆಲ್ ಏರಿದಂತೆ ಮಂತ್ರವಾದಿ ಬೆಟ್ಟ ಹಾರಿಸುತ್ತಿದ್ದರೆ ಕತ್ತಿಯವನು ಕತ್ತಿ ಬೀಸುತ್ತಲೇ ಇರುತ್ತಿದ್ದ. ನಾಲ್ಕರಲ್ಲಿ ಎಲ್ಲರಿಗೂ ಒಂದೇ ಬಗೆಯ ‘ಪವರ್’ ಕೊಟ್ಟರು. ಕೆಲವು ಯಾವಾಗ ಬೇಕಾದರೂ ಬಳಸಬಹುದು, ಕೆಲವು ಒಂದು ಕಾಳಗಕ್ಕೆ ಒಮ್ಮೆ, ಕೆಲವು ದಿನಕ್ಕೆ ಒಮ್ಮೆ. ಚೌಕದ ಹಾಳೆ ಇಲ್ಲದೆ ಕಾಳಗ ನಡೆಸುವುದೇ ಕಷ್ಟ. ತೂಕ ಸರಿಹೋಯಿತು, ನಿಜ. ಆದರೆ ‘ಇದು ಕಂಪ್ಯೂಟರ್ ಗೇಮ್ ಆಯಿತು, ನಮ್ಮ ಆಟ ಎಲ್ಲಿ?’ ಅಂತ ಅರ್ಧ ಜನ ಕೂಗಿದರು.

ಅದಕ್ಕೆ ಎಣ್ಣೆ ಸುರಿದದ್ದು ಇನ್ನೊಂದು ಸಂಗತಿ. 2009ರ ಏಪ್ರಿಲಿನಲ್ಲಿ ಕಂಪನಿ ತನ್ನ ಎಲ್ಲ ಪಿಡಿಎಫ್‌ಗಳ ಮಾರಾಟ ನಿಲ್ಲಿಸಿತು, ಹಳೆ ಎಡಿಷನ್ನುಗಳದ್ದೂ ಸೇರಿ. ಪೈರಸಿ ಕಾರಣ ಅಂದರು. ಆವತ್ತಿನಿಂದ 2013ರವರೆಗೆ ಹಳೆಯದರ ಪಿಡಿಎಫ್ ಅನ್ನು ಕಂಪನಿಯಿಂದ ಕೊಳ್ಳುವ ದಾರಿಯೇ ಇರಲಿಲ್ಲ. ‘ಹಳೆಯದನ್ನೇ ಆಡಿಕೊಳ್ಳಿ’ ಅನ್ನುವ ಮಾತಿಗೆ ಆಗ ಏನು ಬೆಲೆ?

ಪೈಜೋ ಎಂಬ ಕಂಪನಿ ಮೂರೂವರೆಯ ರೂಲ್ಸನ್ನೇ ತಿದ್ದಿ 2009ರಲ್ಲಿ ‘ಪಾತ್‌ಫೈಂಡರ್’ ಎಂಬ ಹೆಸರಿನಲ್ಲಿ ಬಿಟ್ಟಿತು. ಮೂರನೇ ಎಡಿಷನ್ನಿನ ಜೊತೆ ಬಂದ ಓಪನ್ ಗೇಮ್ ಲೈಸೆನ್ಸ್ ಅದಕ್ಕೆ ಅವಕಾಶ ಕೊಟ್ಟಿತ್ತು. ಅಂಗಡಿ ಮಾರಾಟದ ವರದಿಗಳಲ್ಲಿ ಕೆಲಕಾಲ ಪಾತ್‌ಫೈಂಡರ್ ಡಿ ಆಂಡ್ ಡಿಯನ್ನೇ ಹಿಂದೆ ಹಾಕಿತ್ತು. ಹಳೆ ಎಡಿಷನ್ ಹೊಸ ಎಡಿಷನ್ನನ್ನು ಬೇರೆ ಹೆಸರಿನಲ್ಲಿ ಸೋಲಿಸಿದ ಹಾಗಾಯಿತು.

ಇದರ ಬಾಲಂಗೋಚಿ ನನಗೆ ತುಂಬ ಇಷ್ಟ. ಮೂರನೆಯದರ ಮುಖ್ಯ ವಿನ್ಯಾಸಕ ಜೊನಾಥನ್ ಟ್ವೀಟ್. ನಾಲ್ಕನೆಯದರ ಮುಖ್ಯ ವಿನ್ಯಾಸಕ ರಾಬ್ ಹೈನ್ಸೂ. ಇಬ್ಬರ ಅಭಿಮಾನಿಗಳು ಹೊಡೆದಾಡಿಕೊಂಡು ಸುಸ್ತಾಗುವ ಹೊತ್ತಿಗೆ, 2013ರಲ್ಲಿ, ಆ ಇಬ್ಬರೂ ಒಟ್ಟು ಸೇರಿ ‘ಥರ್ಟೀನ್ತ್ ಏಜ್’ ಎಂಬ ಬೇರೆ ಆಟ ಮಾಡಿ ಬಿಟ್ಟರು.

ಥ್ಯಾಕೋ ಅಂದರೆ ಏನು? ಹಳಬರು ಅದನ್ನು ಯಾಕೆ ಅಷ್ಟು ಹೊಗಳುತ್ತಾರೆ?

ಹಳೆ ಆಟದಲ್ಲಿ ಕವಚದ ಅಂಕಿ, ಅಂದರೆ ಎಸಿ, ಕಡಿಮೆ ಆದಷ್ಟು ಒಳ್ಳೆಯದು. ಎಸಿ ಸೊನ್ನೆ ಇದ್ದವನಿಗೆ ಏಟು ತಾಗಿಸಲು 20 ಮುಖದ ದಾಳದಲ್ಲಿ ಎಷ್ಟು ಬೀಳಬೇಕೋ ಅದೇ ನಿಮ್ಮ ಥ್ಯಾಕೋ. ನಿಮ್ಮ ಥ್ಯಾಕೋ 17, ಎದುರಾಳಿಯ ಎಸಿ 4 ಅಂದುಕೊಳ್ಳಿ. 17ರಿಂದ 4 ಕಳೆಯಿರಿ. ದಾಳದಲ್ಲಿ 13 ಬೀಳಬೇಕು. ಎದುರಾಳಿಯ ಎಸಿ ಮೈನಸ್ 2 ಆದರೆ? 17ರಿಂದ ಮೈನಸ್ 2 ಕಳೆದರೆ 19. ಇಲ್ಲಿಗೆ ಬರುವಾಗ ಮೇಜಿನಲ್ಲಿ ಒಬ್ಬರಾದರೂ ತಲೆ ಕೆರೆದುಕೊಳ್ಳುತ್ತಿರುತ್ತಾರೆ.

ಮೂರನೇ ಎಡಿಷನ್ನಿನಿಂದ ಇದನ್ನು ತಿರುಗಿಸಿಬಿಟ್ಟರು. ಎಸಿ ಜಾಸ್ತಿ ಆದಷ್ಟು ಒಳ್ಳೆಯದು. ದಾಳಕ್ಕೆ ನಿಮ್ಮ ಬೋನಸ್ ಕೂಡಿಸಿ, ಎಸಿ ಮುಟ್ಟಿದರೆ ಏಟು. ಬದಲಾಯಿಸಿಕೊಳ್ಳುವುದು ಸುಲಭ: ಹಳೆ ಎಸಿಯನ್ನು 20ರಿಂದ ಕಳೆದರೆ ಹೊಸ ಎಸಿ, ಥ್ಯಾಕೋವನ್ನು 20ರಿಂದ ಕಳೆದರೆ ಬೋನಸ್. ಮೇಲಿನ ಉದಾಹರಣೆಯಲ್ಲಿ ಎಸಿ 16, ಬೋನಸ್ 3. ಈಗಲೂ ಬೇಕಾದದ್ದು 13. ಲೆಕ್ಕ ಒಂದೇ, ಕಳೆಯುವ ಬದಲು ಕೂಡಿಸುವುದು.

ಇಲ್ಲಿ ನಾನು ಪೂರ್ತಿ ಹೊಸಬರ ಪಕ್ಷ. ಥ್ಯಾಕೋದಿಂದ ಆಟಕ್ಕೆ ಸಿಗುವ ರುಚಿ ಏನೂ ಇಲ್ಲ. ಅದನ್ನು ಹೊಗಳುವವರು ತಾವು ಕಷ್ಟಪಟ್ಟು ಕಲಿತದ್ದನ್ನು ಹೊಗಳುತ್ತಿದ್ದಾರೆ, ಅಷ್ಟೇ.

ಹಳೆ ಆಟದಲ್ಲಿ ಪಾತ್ರಗಳು ನೊಣದ ಹಾಗೆ ಸಾಯುತ್ತವಂತೆ, ನಿಜವಾ?

ನಿಜ. 1981ರ ಬೇಸಿಕ್‌ನಲ್ಲಿ ಮೊದಲ ಲೆವೆಲ್ಲಿನ ಮಂತ್ರವಾದಿಗೆ ನಾಲ್ಕು ಮುಖದ ಒಂದು ದಾಳದಷ್ಟು ಜೀವ. ಒಂದು ಬಿದ್ದರೆ ಒಂದೇ ಹಿಟ್ ಪಾಯಿಂಟ್. ದಿನಕ್ಕೆ ಒಂದೇ ಮಂತ್ರ. ಸೊನ್ನೆಗೆ ಬಂದರೆ ಸತ್ತ, ಮುಗಿಯಿತು. ಐದನೇ ಎಡಿಷನ್ನಿನಲ್ಲಿ ಸೊನ್ನೆಗೆ ಬಂದವನು ಪ್ರಜ್ಞೆ ತಪ್ಪಿ ಬೀಳುತ್ತಾನೆ. ತನ್ನ ಸರದಿ ಬಂದಾಗಲೆಲ್ಲ 20 ಮುಖದ ಒಂದು ದಾಳ ಹಾಕುತ್ತಾನೆ. ಹತ್ತು ಅಥವಾ ಹೆಚ್ಚು ಬಿದ್ದರೆ ಗೆಲುವು. ಮೂರು ಸಲ ಸೋತರೆ ಮಾತ್ರ ಸಾವು. ಅಷ್ಟರಲ್ಲಿ ಯಾರಾದರೂ ಬಂದು ಎಬ್ಬಿಸಿಬಿಡುತ್ತಾರೆ.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಹಳೆ ಆಟಕ್ಕೆ ಅನ್ಯಾಯ. ಹಳೆಯದರಲ್ಲಿ ಹೊಡೆದಾಟ ಮುಖ್ಯ ಕೆಲಸವೇ ಅಲ್ಲ. ಎಕ್ಸ್‌ಪಿ, ಅಂದರೆ ಲೆವೆಲ್ ಏರಲು ಬೇಕಾದ ಅನುಭವದ ಅಂಕ, ಎಲ್ಲಿಂದ ಬರುತ್ತದೆ ನೋಡಿ. ಬೇಸಿಕ್‌ನಲ್ಲಿ ಕತ್ತಿವೀರ ಎರಡನೇ ಲೆವೆಲ್ಲಿಗೆ ಹೋಗಲು 2000 ಎಕ್ಸ್‌ಪಿ ಬೇಕು. ಓರ್ಕ್ ಎಂಬ ಸಣ್ಣ ರಾಕ್ಷಸ ಒಂದನ್ನು ಕೊಂದರೆ ಸಿಗುವುದು 10. ನಾಲ್ಕು ಕತ್ತಿವೀರರ ಗುಂಪು ಬರೀ ಓರ್ಕ್ ಕೊಂದು ಲೆವೆಲ್ ಏರಬೇಕಾದರೆ 800 ಓರ್ಕ್ ಬೇಕು. ಅದಕ್ಕೆ ಮೊದಲು ಇವರೇ ಗುಂಡಿಗೆ ಸೇರಿರುತ್ತಾರೆ. ಆದರೆ ಹೊರಗೆ ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಎಕ್ಸ್‌ಪಿ. ಆಗ ಆಟಗಾರನ ತಲೆ ಹೇಗೆ ಓಡುತ್ತದೆ? ಓರ್ಕ್ ಮಲಗಿದಾಗ ನಾಣ್ಯ ಎತ್ತಿಕೊಂಡು ಓಡೋಣ. ಇಲ್ಲವೇ ಅವರ ಜೊತೆ ಮಾತಾಡೋಣ. ಇಲ್ಲವೇ ಅವರಿಗೂ ಪಕ್ಕದ ಗುಹೆಯವರಿಗೂ ಜಗಳ ಹಚ್ಚಿಸೋಣ.

ರಾಕ್ಷಸರು ಕಂಡ ಕೂಡಲೇ ಮೇಲೆ ಬೀಳಬೇಕೆಂದೂ ಇಲ್ಲ. ಆರು ಮುಖದ ಎರಡು ದಾಳ ಹಾಕಿ ಅವರ ಮನಸ್ಸು ನೋಡಬೇಕು. ಎರಡು ಬಿದ್ದರೆ ಕೂಡಲೇ ದಾಳಿ, ಹನ್ನೆರಡು ಬಿದ್ದರೆ ಗೆಳೆತನ. ಹೆಚ್ಚಿನ ಸಲ ನಡುವಿನದ್ದೇ ಬೀಳುವುದು, ಅಂದರೆ ಮಾತಿಗೆ ಜಾಗ ಇದೆ.

2014ರ ರೂಲ್ಸಿನಲ್ಲಿ ಎರಡನೇ ಲೆವೆಲ್ಲಿಗೆ 300 ಎಕ್ಸ್‌ಪಿ, ಒಂದು ಓರ್ಕ್‌ಗೆ 100. ನಾಲ್ವರಿಗೆ ಹನ್ನೆರಡು ಓರ್ಕ್ ಸಾಕು. ಇಲ್ಲಿ ಹೊಡೆದಾಟವೇ ದಾರಿ, ಅದಕ್ಕೆ ತಕ್ಕ ಹಾಗೆ ಪಾತ್ರಗಳೂ ಗಟ್ಟಿ. ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿವೆ. ಹೊಸ ಆಟದ ಧೈರ್ಯ ಇಟ್ಟುಕೊಂಡು ಹಳೆ ಆಟಕ್ಕೆ ನುಗ್ಗಿದವನು ಸಾಯುತ್ತಾನೆ. ಹಳೆ ಆಟದ ಹೆದರಿಕೆ ಇಟ್ಟುಕೊಂಡು ಹೊಸ ಆಟಕ್ಕೆ ಬಂದವನು ಪ್ರತಿ ಬಾಗಿಲನ್ನೂ ಕೋಲಿನಿಂದ ಕುಟ್ಟುತ್ತಾ ಎಲ್ಲರಿಗೂ ಬೇಜಾರು ಮಾಡುತ್ತಾನೆ.

ಹಾಗಾದರೆ ಹೊಸದು ಮಕ್ಕಳಾಟ ಅನ್ನುವುದು ಸುಳ್ಳಾ?

ಸುಳ್ಳು. ಪಾತ್ರ ಬೇಗ ಸಾಯದಿದ್ದರೆ ಅದಕ್ಕೊಂದು ಹಿನ್ನೆಲೆ, ನಂಟು, ಹಗೆ ಎಲ್ಲ ಬೆಳೆಯುತ್ತದೆ. ಹೊಸಬರಿಗೆ ಬೇಕಾದದ್ದು ಅದು. ಐದನೆಯದರಲ್ಲಿ ‘ಅಡ್ವಾಂಟೇಜ್’ ಎಂಬ ರೂಲ್ ಇದೆ: ಅನುಕೂಲ ಇದ್ದಾಗ 20 ಮುಖದ ದಾಳ ಎರಡು ಹಾಕಿ, ದೊಡ್ಡದನ್ನು ಇಟ್ಟುಕೊಳ್ಳಿ. 11 ಬೀಳಬೇಕಾದಲ್ಲಿ ಶೇ. 50 ಇದ್ದ ಸಾಧ್ಯತೆ ಶೇ. 75 ಆಗುತ್ತದೆ. ಹತ್ತು ಬಗೆಯ ಕೂಡು-ಕಳೆ ಕೋಷ್ಟಕಗಳ ಕೆಲಸವನ್ನು ಇದೊಂದೇ ಮಾಡುತ್ತದೆ. ಇಷ್ಟು ಚಂದದ ರೂಲ್ ಹಳೆ ಪುಸ್ತಕಗಳಲ್ಲಿ ನನಗೆ ಸಿಕ್ಕಿಲ್ಲ.

ಒಎಸ್‌ಆರ್ ಅಂತ ಹೇಳುತ್ತಾರಲ್ಲ, ಅದು ಹಳೆಯದಾ ಹೊಸದಾ?

ಹೊಸ ಬಾಟಲಿಯ ಹಳೆ ಗಸಿ ಅಂತ ನಮ್ಮ ಗುಂಪಿನಲ್ಲೊಬ್ಬರು ತಮಾಷೆ ಮಾಡುತ್ತಾರೆ. ಪೂರ್ತಿ ಹೆಸರು ‘ಓಲ್ಡ್ ಸ್ಕೂಲ್ ರಿನೈಸಾನ್ಸ್’. ಹಳೆ ರೂಲ್ಸನ್ನು ಕಾನೂನಿಗೆ ಸಿಕ್ಕಿಬೀಳದ ಹಾಗೆ ಹೊಸದಾಗಿ ಬರೆದು ಪ್ರಕಟಿಸುವ ಚಳವಳಿ ಇದು. 2006ರಲ್ಲಿ ‘ಓಸ್ರಿಕ್’ ಬಂತು, 2007ರಲ್ಲಿ ‘ಲ್ಯಾಬಿರಿಂತ್ ಲಾರ್ಡ್’, 2008ರಲ್ಲಿ ‘ಸೋರ್ಡ್ಸ್ ಆಂಡ್ ವಿಜರ್ಡ್ರಿ’. ಈಗ ಹೆಚ್ಚು ಹೆಸರು ಮಾಡಿರುವುದು ಗೇವಿನ್ ನಾರ್ಮನ್ ಅವರ ‘ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್’. 1981ರ ಬೇಸಿಕ್ ರೂಲ್ಸನ್ನೇ ಅದರಲ್ಲಿ ಅಚ್ಚುಕಟ್ಟಾಗಿ ಜೋಡಿಸಿದ್ದಾರೆ, ಬೇಕಾದವರಿಗೆ ಮೇಲಕ್ಕೆ ಏರುವ ಎಸಿಯೂ ಇದೆ.

ಇವರ ಮಂತ್ರ: ಎಲ್ಲದಕ್ಕೂ ರೂಲ್ ಹುಡುಕಬೇಡಿ, ಡಿಎಂ ತೀರ್ಪು ಕೊಡಲಿ. ಗೋಡೆಯಲ್ಲಿ ಗುಪ್ತ ಬಾಗಿಲು ಇದೆಯಾ ಎಂದು ದಾಳ ಹಾಕುವ ಬದಲು ‘ನಾನು ಗೋಡೆಗೆ ನೀರು ಎರಚುತ್ತೇನೆ, ಎಲ್ಲಿ ಇಂಗುತ್ತದೆ ನೋಡುತ್ತೇನೆ’ ಅನ್ನಬೇಕು. ಡಿಎಂ ಒಳ್ಳೆಯವರಾದರೆ ಇದರಷ್ಟು ಮಜಾ ಇನ್ನೊಂದಿಲ್ಲ. ಡಿಎಂ ಹಠಮಾರಿ ಆದರೆ ಇದರಷ್ಟು ಹಿಂಸೆಯೂ ಇನ್ನೊಂದಿಲ್ಲ. ಮೂರನೇ ಎಡಿಷನ್ ಎಲ್ಲದಕ್ಕೂ ರೂಲ್ ಬರೆದದ್ದು ಸುಮ್ನೆ ಅಲ್ಲ.

ಹಳೆ ಪುಸ್ತಕಗಳಲ್ಲಿ ಹೆಣ್ಣುಮಕ್ಕಳಿಗೆ ಅನ್ಯಾಯ ಇತ್ತಂತೆ?

ಇತ್ತು. 1978ರ ಅಡ್ವಾನ್ಸ್ಡ್ ಪುಸ್ತಕದಲ್ಲಿ ಹೆಣ್ಣು ಪಾತ್ರದ ಬಲಕ್ಕೆ ಮಿತಿ ಹಾಕಿದ್ದರು. ಡ್ರ್ಯಾಗನ್ ಹಾರುವ ಲೋಕದಲ್ಲಿ ಅದೊಂದು ಮಾತ್ರ ‘ವಾಸ್ತವ’ ಆಗಬೇಕಿತ್ತಂತೆ! 1989ರ ಎರಡನೇ ಎಡಿಷನ್ ಅದನ್ನು ತೆಗೆದುಹಾಕಿತು. ಅದೇ ಎಡಿಷನ್ ದೆವ್ವಗಳ ಹೆಸರನ್ನೂ ಬದಲಾಯಿಸಿತ್ತು, ಯಾಕೆಂದರೆ ಆಗ ಅಮೆರಿಕದಲ್ಲಿ ಕೆಲವರು ಈ ಆಟ ಸೈತಾನನ ಪೂಜೆ ಅಂತ ಗಲಾಟೆ ಎಬ್ಬಿಸಿದ್ದರು. ಹಳೆಯದನ್ನು ಆಡಿಸುವವರು ಬಲದ ಮಿತಿಯನ್ನು ಕಣ್ಣುಮುಚ್ಚಿ ಬಿಟ್ಟುಬಿಡಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

2024ರದು ಹೊಸ ಎಡಿಷನ್ನಾ?

ಕಂಪನಿ ಅಲ್ಲ ಅನ್ನುತ್ತದೆ, ಐದನೆಯದರ ಪರಿಷ್ಕರಣೆ ಅನ್ನುತ್ತದೆ. ಆಟಗಾರರ ಪುಸ್ತಕ 2024ರ ಸೆಪ್ಟೆಂಬರಿನಲ್ಲಿ, ಡಿಎಂ ಪುಸ್ತಕ ನವೆಂಬರಿನಲ್ಲಿ, ರಾಕ್ಷಸರ ಪುಸ್ತಕ 2025ರ ಫೆಬ್ರವರಿಯಲ್ಲಿ ಬಂತು. ಪಾತ್ರದ ಕುಲಕ್ಕೆ ‘ರೇಸ್’ ಬದಲು ‘ಸ್ಪೀಷೀಸ್’ ಎಂಬ ಹೆಸರು ಬಂತು. ಆಟಗಾರರ ಪುಸ್ತಕದಿಂದ ಹಾಫ್ ಎಲ್ಫ್, ಹಾಫ್ ಓರ್ಕ್ ಎಂಬ ಕುಲಗಳು ಹೋದವು. ಗಾಯ ಮಾಯಿಸುವ ಮಂತ್ರಕ್ಕೆ ಹಾಕುವ ದಾಳ ದುಪ್ಪಟ್ಟಾಯಿತು. 2014ರ ಸಾಹಸಗಳನ್ನು ಇದರಲ್ಲಿ ಹಾಗೇ ಆಡಿಸಬಹುದು. ನಿಮ್ಮ ಹತ್ತಿರ 2014ರ ಪುಸ್ತಕ ಇದ್ದರೆ ಹೊಸದನ್ನು ಕೊಳ್ಳಲು ಅವಸರ ಬೇಡ.

ಹಳಬರೂ ಹೊಸಬರೂ ಒಂದೇ ಕಡೆ ನಿಂತದ್ದು ಯಾವಾಗಲಾದರೂ ಇದೆಯಾ?

2023ರ ಜನವರಿಯಲ್ಲಿ. 2000ದಿಂದ ಇದ್ದ ಓಪನ್ ಗೇಮ್ ಲೈಸೆನ್ಸನ್ನು ಬದಲಿಸುವ ಕರಡು ಹೊರಗೆ ಸೋರಿತು. ವರ್ಷಕ್ಕೆ ಏಳೂವರೆ ಲಕ್ಷ ಡಾಲರಿಗಿಂತ ಹೆಚ್ಚು ವಹಿವಾಟು ಮಾಡುವವರು ರಾಯಲ್ಟಿ ಕೊಡಬೇಕು ಎಂದಿತ್ತು. ಹಳೆಯದನ್ನು ಪುನಃ ಬರೆದ ಒಎಸ್‌ಆರ್ ಪುಸ್ತಕಗಳು ಆ ಲೈಸೆನ್ಸಿನ ಮೇಲೇ ನಿಂತಿದ್ದವು, ಪಾತ್‌ಫೈಂಡರೂ ಅಷ್ಟೇ, ಐದನೆಯದಕ್ಕೆ ಸಾಹಸ ಬರೆಯುವ ಸಣ್ಣ ಪ್ರಕಾಶಕರೂ ಅಷ್ಟೇ. ಎಲ್ಲರೂ ಒಟ್ಟಾಗಿ ತಿರುಗಿಬಿದ್ದರು. ತಿಂಗಳು ಮುಗಿಯುವುದರೊಳಗೆ ಕಂಪನಿ ಹಿಂದೆ ಸರಿದು, ಐದನೆಯದರ ಮೂಲ ರೂಲ್ಸನ್ನು ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಬಿಟ್ಟುಕೊಟ್ಟಿತು. ನಮಗೆ ಇದರಿಂದ ಆದ ಲಾಭ: ಆ ರೂಲ್ಸನ್ನು ಕನ್ನಡಕ್ಕೆ ತಂದು ಹಂಚಿದರೂ, ಹೆಸರು ಸಲ್ಲಿಸಿದರೆ ಸಾಕು, ಯಾರೂ ತಡೆಯುವ ಹಾಗಿಲ್ಲ.

ನಮ್ಮ ಗುಂಪಿನಲ್ಲಿ ಇಬ್ಬರು ಹಳೆಯದು ಬೇಕೆನ್ನುತ್ತಾರೆ, ಮೂವರು ಹೊಸದು. ಏನು ಮಾಡುವುದು?

ವೋಟು ಹಾಕಬೇಡಿ. ಯಾರು ಡಿಎಂ ಆಗಲು ಒಪ್ಪುತ್ತಾರೋ ಅವರ ಎಡಿಷನ್. ಇದೊಂದೇ ನಿಯಮ ಇಲ್ಲಿ ಬಾಳಿಕೆ ಬಂದದ್ದು.

ಯಾಕೆಂದರೆ ಕೆಲಸ ಮಾಡುವವರು ಅವರು. ವಾರವಿಡೀ ನಕ್ಷೆ ಬರೆದು, ರಾಕ್ಷಸರ ಲೆಕ್ಕ ಬರೆದು, ನಾಲ್ವರ ಬಿಡುವು ಹೊಂದಿಸಿ, ಕೊನೆಗೆ ತನಗೆ ಇಷ್ಟವಿಲ್ಲದ ರೂಲ್ಸಿನಲ್ಲಿ ಆಡಿಸು ಅಂದರೆ ಯಾರು ಒಪ್ಪುತ್ತಾರೆ? ಎಡಿಷನ್ ಇಷ್ಟವಾಗದವರಿಗೆ ಒಂದು ಹಕ್ಕು ಇದೆ: ಮುಂದಿನ ಸಲ ತಾನೇ ಆಡಿಸುವುದು. ಹೊಸದು ಬೇಕು ಅಂತ ಗಲಾಟೆ ಮಾಡುವವರಲ್ಲಿ ಅರ್ಧ ಜನ ಇಲ್ಲಿಗೆ ಬರುವಾಗ ಸುಮ್ಮನಾಗುತ್ತಾರೆ. ಹಳೆಯದು ಬೇಕು ಅನ್ನುವವರೂ ಅಷ್ಟೇ.

ನಮ್ಮ ಮೇಜಿನಲ್ಲಿ ಹಳೆಯದನ್ನು ಆಡಿಸುವವರು ಗಲ್ಫಿನಲ್ಲಿ ದುಡಿದು ಬಂದ ಹಿರಿಯರು. ಹೊಸದನ್ನು ಆಡಿಸುವುದು ಬೆಂಗಳೂರಿನಲ್ಲಿ ಕಲಿಯುವ ಅವರ ಅಕ್ಕನ ಮಗಳು, ರಜೆಗೆ ಬಂದಾಗ. “ಮಾವ, ನಿಮ್ಮ ಪುಸ್ತಕದಲ್ಲಿ ಕಳ್ಳನಿಗೆ ಗೋಡೆ ಹತ್ತಲು ಒಂದು ದಾಳ, ಸದ್ದು ಕೇಳಲು ಇನ್ನೊಂದು ದಾಳ. ಎಂಥಕ್ಕೆ ಇದೆಲ್ಲ?” ಅಂತ ಅವಳು. “ನಿನ್ನ ಪಾತ್ರದ ಹಾಳೆ ಓದಿ ಮುಗಿಯುವಾಗ ನನ್ನವರು ಎರಡು ಗುಹೆ ನೋಡಿ ಬಂದಿರುತ್ತಾರೆ, ಮಗಾ” ಅಂತ ಅವರು. ಆದರೆ ಅವಳು ಆಡಿಸುವಾಗ ಅವರು ಥ್ಯಾಕೋದ ಹೆಸರೆತ್ತುವುದಿಲ್ಲ. ಅವರು ಆಡಿಸುವಾಗ ಅವಳು ಅಡ್ವಾಂಟೇಜ್ ಕೇಳುವುದಿಲ್ಲ. ಗೊಣಗುವುದೆಲ್ಲ ಚಾ ಕುಡಿಯುವಾಗ.

ಎರಡರ ರೂಲ್ಸ್ ಬೆರಕೆ ಮಾಡಬಹುದಾ? ಮಾಡಬಹುದು, ಆದರೆ ಸ್ವಲ್ಪ ಸ್ವಲ್ಪ. ಹೊಸ ಆಟಕ್ಕೆ ಚಿನ್ನದಿಂದ ಎಕ್ಸ್‌ಪಿ ತಂದರೆ ಆಟದ ರುಚಿಯೇ ಬದಲಾಗುತ್ತದೆ, ಒಮ್ಮೆ ಮಾಡಿ ನೋಡಿ. ಹಳೆಯದಕ್ಕೆ ಮೇಲಕ್ಕೆ ಏರುವ ಎಸಿ ತಂದರೆ ಏನೂ ಹಾಳಾಗುವುದಿಲ್ಲ. ಮೂರು ಸಲ ಸೋತರೆ ಸಾವು ಎಂಬ ರೂಲನ್ನು ಹಳೆಯದಕ್ಕೆ ತರಬೇಡಿ. ಹೆದರಿಕೆ ಹೋದರೆ ಅಲ್ಲಿ ಮತ್ತೇನೂ ಉಳಿಯುವುದಿಲ್ಲ.

ಹಳೆ ಸಾಹಸದ ಪುಸ್ತಕವನ್ನು ಐದನೆಯದರಲ್ಲಿ ಆಡಿಸಬಹುದಾ?

ಖಂಡಿತ. ಆದರೆ ರಾಕ್ಷಸರ ಅಂಕಿಗಳನ್ನು ಲೆಕ್ಕ ಹಾಕಿ ಬದಲಿಸಲು ಹೋಗಬೇಡಿ. ಅದೇ ಹೆಸರಿನ ರಾಕ್ಷಸನನ್ನು ಹೊಸ ಪುಸ್ತಕದಿಂದ ಎತ್ತಿಕೊಳ್ಳಿ. ಜೀವದ ಅಂಕಿ ಎಷ್ಟು ಉಬ್ಬಿದೆ ಎಂದರೆ, ಬೇಸಿಕ್‌ನಲ್ಲಿ ಓಗರ್‌ಗೆ ಸರಾಸರಿ 19 ಇದ್ದದ್ದು 2014ರಲ್ಲಿ 59. ಆದ್ದರಿಂದ ಹಳೆ ಪುಸ್ತಕದಲ್ಲಿ ಒಂದು ಕೋಣೆಯಲ್ಲಿ ಹತ್ತು ಓಗರ್ ಬರೆದಿದ್ದರೆ ಮೂರಕ್ಕೆ ಇಳಿಸಿ. ಇಲ್ಲದಿದ್ದರೆ ಒಂದು ಕಾಳಗಕ್ಕೇ ಬೆಳಗಾಗುತ್ತದೆ. ‘ದಾಳ ಸೋತರೆ ಸಾವು’ ಎಂಬ ವಿಷಗಳನ್ನು ದೊಡ್ಡ ಗಾಯವಾಗಿ ಬದಲಿಸಿ. ರಾಶಿ ಚಿನ್ನ ಇದ್ದರೆ ಕಡಿಮೆ ಮಾಡಿ, ಹೊಸದರಲ್ಲಿ ಅದಕ್ಕೆ ಅಷ್ಟು ಕೆಲಸ ಇಲ್ಲ.

ಎರಡರ ವ್ಯತ್ಯಾಸ ಒಂದೇ ಸಂಜೆಯಲ್ಲಿ ಗೊತ್ತಾಗುವಂಥ ಸಾಹಸ ಯಾವುದಾದರೂ ಇದೆಯಾ?

ಪುಸ್ತಕ ಬೇಡ, ನಿಮ್ಮ ಊರಿನ ಸುರಂಗ ಸಾಕು. ಎಣ್ಮಕಜೆ, ಬಾಯಾರು ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ನೀರಿನ ಸುರಂಗಗಳು ಎಷ್ಟೋ ಇವೆ. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ. ಕಾಲಡಿ ನೀರು, ತಲೆ ಮೇಲೆ ಬಾವಲಿ. ಒಳಗೆ ಕವಲು. ಬೇಕಲ ಕೋಟೆಯನ್ನು ಎಲ್ಲರೂ ಬಳಸುತ್ತಾರೆ. ನನಗೆ ಕೇಳಿದರೆ ಡಂಜನ್ ಅಂದರೆ ಸುರಂಗವೇ.

ಒಂದೇ ನಕ್ಷೆ ಬರೆದು ಎರಡು ಸಲ ಆಡಿಸಿ. ಮೊದಲು ಬೇಸಿಕ್‌ನಲ್ಲಿ. ಒಂದು ಪಂಜು ಒಂದು ಗಂಟೆ ಉರಿಯುತ್ತದೆ, ಅಂದರೆ ಹತ್ತು ಹತ್ತು ನಿಮಿಷದ ಆರು ಸರದಿ. ಎರಡು ಸರದಿಗೊಮ್ಮೆ ಆರು ಮುಖದ ದಾಳ ಹಾಕಿ. ಒಂದು ಬಿದ್ದರೆ ಏನೋ ಎದುರಾಗುತ್ತದೆ. ಪಂಜು ಆರುವುದರೊಳಗೆ ಮೂರು ಸಲ ದಾಳ, ಏನಾದರೂ ಎದುರಾಗುವ ಸಾಧ್ಯತೆ ಸುಮಾರು ಶೇ. 42. ಆಟಗಾರರು ಪಂಜು ಎಣಿಸತೊಡಗುತ್ತಾರೆ. ‘ಇನ್ನೂ ಒಳಗೆ ಹೋಗುವುದಾ, ವಾಪಸ್ಸಾ?’ ಎಂಬ ಚರ್ಚೆಯೇ ಆಟ. ಬೆಳಕಿನ ಮಂತ್ರ ಇದೆ, ಆದರೆ ಮಂತ್ರವಾದಿಯ ದಿನದ ಒಂದೇ ಮಂತ್ರ ಅದಕ್ಕೆ ಖರ್ಚಾಗುತ್ತದೆ.

ಆಮೇಲೆ ಐದನೆಯದರಲ್ಲಿ. ಬೆಳಕಿನ ಮಂತ್ರ ಎಷ್ಟು ಸಲ ಬೇಕಾದರೂ ಹಾಕಬಹುದು. ಗುಂಪಿನಲ್ಲಿ ಅರ್ಧ ಜನರಿಗೆ ಕತ್ತಲಲ್ಲಿ ಕಣ್ಣು ಕಾಣುತ್ತದೆ. ಪಂಜಿನ ಲೆಕ್ಕ ಯಾರಿಗೂ ಬೇಡ. ಆದ್ದರಿಂದ ಕತ್ತಲೆಯಿಂದ ಹೆದರಿಸುವ ಬದಲು, ಕೊನೆಯ ಕವಲಿನಲ್ಲಿ ಒಬ್ಬ ಮುದುಕಿಯನ್ನು ಕೂರಿಸಿ. ಸುರಂಗ ತೋಡಿದವನ ಹೆಂಡತಿ ಅವಳು. ತೋಡಿದವನಿಗೂ ನಿಮ್ಮ ಆಟಗಾರರ ಒಂದು ಪಾತ್ರದ ಅಜ್ಜನಿಗೂ ಹಗೆ ಇತ್ತು ಅನ್ನಿ. ಹೊಸ ಆಟ ಅಲ್ಲಿ ಕಳೆಗಟ್ಟುತ್ತದೆ.

ಮೇಜಿನಲ್ಲಿ ಯಾವ ಭಾಷೆ?

ಬಾಯಿಗೆ ಬಂದದ್ದು. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಎಲ್ಲ ಆಗುತ್ತದೆ. ನಮ್ಮಲ್ಲಿ ಕುಬ್ಜರು ತುಳು ಮಾತಾಡುತ್ತಾರೆ. ಎಲ್ಫ್‌ಗಳದ್ದು ಹವ್ಯಕ ಕನ್ನಡ, ಅದಕ್ಕೆ ಕಾರಣ ಕೇಳಬೇಡಿ.

ಬೇರೆ ಆಟಗಳಲ್ಲೂ ಇಂಥ ಜಗಳ ಇದೆಯಾ?

ಇದೆ, ಇಷ್ಟು ಇಲ್ಲ. ‘ಕಾಲ್ ಆಫ್ ಕ್ತುಲ್ಹು’ 1981ರಿಂದ ಇದೆ, ಏಳನೇ ಎಡಿಷನ್ 2014ರಲ್ಲಿ ಬಂತು. ಅದರ ರೂಲ್ಸ್ ಅಷ್ಟೂ ವರ್ಷದಲ್ಲಿ ಬದಲಾದದ್ದು ಕಡಿಮೆ. ಹಳೆ ಪಾತ್ರದ ಅಂಕಿಗಳನ್ನು ಐದರಿಂದ ಗುಣಿಸಿದರೆ ಹೆಚ್ಚುಕಡಿಮೆ ಹೊಸದಕ್ಕೆ ಹೊಂದುತ್ತದೆ.

ಖರ್ಚಿಲ್ಲದೆ ಶುರು ಮಾಡುವುದು ಹೇಗೆ? ಬಹುಮುಖದ ದಾಳ ಇಲ್ಲಿ ಸಿಗುವುದಿಲ್ಲ.

ಐದನೆಯದರ ಮೂಲ ರೂಲ್ಸ್ ಇಂಟರ್ನೆಟ್ಟಿನಲ್ಲಿ ಉಚಿತ. ಪಾತ್‌ಫೈಂಡರಿನ ರೂಲ್ಸೂ ಉಚಿತ. ಹಳೆ ಎಡಿಷನ್ನುಗಳ ಪಿಡಿಎಫ್ ಈಗ ಕಾನೂನುಬದ್ಧವಾಗಿ ಕೊಳ್ಳಲು ಸಿಗುತ್ತದೆ. ಕದ್ದ ಪಿಡಿಎಫ್ ಕಳಿಸಿ ಅಂತ ನನ್ನನ್ನು ಕೇಳಬೇಡಿ.

ದಾಳ ಇಲ್ಲದಿದ್ದರೆ ಫೋನಿನಲ್ಲಿ ಆಪ್ ಇದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಫೋನೂ ಸತ್ತರೆ ಚೀಟಿ ಮಾಡಿ. ಇದು ನಾನು ಹೊಸೆದ ಉಪಾಯ ಅಲ್ಲ. 1979ರ ಸುಮಾರಿಗೆ ದಾಳದ ಕೊರತೆ ಬಂದಾಗ ಬೇಸಿಕ್ ಪೆಟ್ಟಿಗೆಯಲ್ಲೇ ಅಂಕಿ ಬರೆದ ಕಾಗದದ ತುಂಡುಗಳನ್ನು ಇಟ್ಟು ಮಾರಿದ್ದರು. 1ರಿಂದ 20ರವರೆಗೆ ಬರೆದು ಮಡಚಿ ಒಂದು ಲೋಟಕ್ಕೆ ಹಾಕಿ. ಎತ್ತಿದ ಚೀಟಿಯನ್ನು ಮತ್ತೆ ಲೋಟಕ್ಕೆ ಹಾಕಿ ಕುಲುಕಲು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ಒಮ್ಮೆ 20 ಬಂದ ಮೇಲೆ ಆ ರಾತ್ರಿ ಯಾರಿಗೂ 20 ಬರುವುದಿಲ್ಲ.